ಎಕ್ಸ್‌ಎಕ್ಸ್‌ವೈ ಶಿಶುವಿಗೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್: ಯಾರಿಗೆ, ಯಾವಾಗ, ಹೇಗೆ

ಗಂಡುಮಗುವಿನ ವರದಿಯಲ್ಲಿ ‘47,ಎಕ್ಸ್‌ಎಕ್ಸ್‌ವೈ’ ಎಂದು ಬಂದಿದೆ, ಮೂರು ತಿಂಗಳೊಳಗೆ ಟೆಸ್ಟೋಸ್ಟೆರಾನ್ (ಗಂಡಸರ ಲಿಂಗ ಹಾರ್ಮೋನು) ಇಂಜೆಕ್ಷನ್ ಕೊಡಿಸದಿದ್ದರೆ ಕಾಲ ಮೀರಿಹೋಗುತ್ತದೆಯೇ ಎಂಬ ಪ್ರಶ್ನೆಯನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ನೆಲೆಸಿರುವ ಕನ್ನಡಿಗ ದಂಪತಿಗಳಿಗೆ ಈ ಸುದ್ದಿ ಕೆಲವೊಮ್ಮೆ ಹೆರಿಗೆಗೆ ಮುಂಚೆಯೇ ತಾಯಿಯ ರಕ್ತಪರೀಕ್ಷೆಯಿಂದ ತಿಳಿದಿರುತ್ತದೆ. ಕರ್ನಾಟಕದಲ್ಲಿರುವವರಿಗೆ ಬಹುಮಟ್ಟಿಗೆ ಮಗು ಹುಟ್ಟಿದ ಮೇಲೆ, ಶಿಶ್ನ ಚಿಕ್ಕದಾಗಿ ಕಂಡಿತೆಂದೋ ವೃಷಣ ಕೆಳಗಿಳಿದಿಲ್ಲವೆಂದೋ ಮಾಡಿಸಿದ ಪರೀಕ್ಷೆಯಿಂದ ಗೊತ್ತಾಗುತ್ತದೆ. ಇಬ್ಬರಿಗೂ ಉತ್ತರ ಒಂದೇ. ವರ್ಣತಂತುವಿನ ವರದಿಯೊಂದನ್ನೇ ನೋಡಿ ಇಂಜೆಕ್ಷನ್ ನಿರ್ಧರಿಸಲು ಬರುವುದಿಲ್ಲ. ಮಗುವನ್ನು ಪರೀಕ್ಷಿಸಿ, ಅಳೆದು, ಆ ಅಳತೆಯ ಆಧಾರದ ಮೇಲೆ ನಿರ್ಧರಿಸಬೇಕಾಗುತ್ತದೆ. ಹೇಗೆಂಬುದನ್ನು ಕೆಳಗೆ ಹಂತಹಂತವಾಗಿ ವಿವರಿಸಲಾಗಿದೆ. ಈ ಬರಹವನ್ನು ವೈದ್ಯರ ಮುಂದೆ ಸರಿಯಾದ ಪ್ರಶ್ನೆ ಕೇಳುವುದಕ್ಕೆ ಬಳಸಿಕೊಳ್ಳಿ. ಇದನ್ನು ಓದಿಕೊಂಡು ಮನೆಯಲ್ಲೇ ಔಷಧ ಶುರುಮಾಡುವ ಪ್ರಶ್ನೆಯೇ ಇಲ್ಲ.

ಮೊದಲು ಸ್ವಲ್ಪ ಹಿನ್ನೆಲೆ

ಗಂಡಸಿನ ಜೀವಕೋಶದಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳು, ಅಂದರೆ ಕ್ರೋಮೋಸೋಮ್‌ಗಳು, ಇರುತ್ತವೆ. ಅವುಗಳಲ್ಲಿ ಒಂದು ಎಕ್ಸ್, ಒಂದು ವೈ. ಕೆಲವು ಗಂಡುಮಕ್ಕಳಲ್ಲಿ ಒಂದು ಎಕ್ಸ್ ಹೆಚ್ಚಾಗಿರುತ್ತದೆ. ಇದನ್ನೇ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಎನ್ನುತ್ತಾರೆ. 1942ರಲ್ಲಿ ಬಾಸ್ಟನ್ನಿನ ವೈದ್ಯ ಹ್ಯಾರಿ ಕ್ಲೈನ್‌ಫೆಲ್ಟರ್ ಮತ್ತು ಸಂಗಡಿಗರು ಇದರ ಲಕ್ಷಣಗಳನ್ನು ವಿವರಿಸಿದರು. ಕಾರಣ ಹೆಚ್ಚುವರಿ ಎಕ್ಸ್ ಎಂಬುದನ್ನು 1959ರಲ್ಲಿ ಪೆಟ್ರಿಷಿಯಾ ಜೇಕಬ್ಸ್ ಮತ್ತು ಜಾನ್ ಸ್ಟ್ರಾಂಗ್ ತೋರಿಸಿಕೊಟ್ಟರು. ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ. ಅಂಡ ಅಥವಾ ವೀರ್ಯಾಣು ರೂಪುಗೊಳ್ಳುವಾಗ ಆಕಸ್ಮಿಕವಾಗಿ ಆಗುವ ವ್ಯತ್ಯಾಸವಿದು, ಹೆಚ್ಚುವರಿ ಎಕ್ಸ್ ತಂದೆಯಿಂದ ಬಂದಿರುವ ಸಾಧ್ಯತೆ ತಾಯಿಯಿಂದ ಬಂದಿರುವಷ್ಟೇ ಇದೆ. ಆದ್ದರಿಂದ ಸೊಸೆಯ ಕಡೆಯವರಿಂದ ಬಂತು, ಗ್ರಹಣದಲ್ಲಿ ಹೊರಗೆ ಹೋಗಿದ್ದಕ್ಕೆ ಬಂತು ಎಂಬ ಮಾತುಗಳಿಗೆ ಯಾವ ಆಧಾರವೂ ಇಲ್ಲ. ಮಗು ಗಂಡೇ ಹೌದು. ಎಕ್ಸ್ ಎರಡಿದೆ ಎಂದ ಮಾತ್ರಕ್ಕೆ ಅರ್ಧ ಹೆಣ್ಣು ಎಂದು ಭಾವಿಸುವುದು ತಪ್ಪು.

ಈ ಸ್ಥಿತಿಯುಳ್ಳವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ರೋಗನಿರ್ಣಯವೇ ಆಗುವುದಿಲ್ಲ. ಹಾಗಾಗಿ ಅಂತರ್ಜಾಲದಲ್ಲಿ ನೀವು ಓದುವ ಭಯಂಕರ ಪಟ್ಟಿಗಳು ತೊಂದರೆಯಾಗಿ ಆಸ್ಪತ್ರೆಗೆ ಬಂದವರಿಂದ ಸಿದ್ಧವಾದವು. ತೊಂದರೆಯಿಲ್ಲದೆ ಬದುಕುತ್ತಿರುವವರು ಆ ಲೆಕ್ಕಕ್ಕೆ ಸೇರಿಲ್ಲ. ಇದನ್ನು ನೆನಪಿಟ್ಟುಕೊಂಡು ಓದಿದರೆ ಅರ್ಧ ಆತಂಕ ಕಡಿಮೆಯಾಗುತ್ತದೆ.

ಮೂರು ತಿಂಗಳ ಗಡುವಿನ ಮಾತು ಹುಟ್ಟಿದ್ದು ‘ಮಿನಿ ಪ್ಯುಬರ್ಟಿ’ಯಿಂದ. ಗಂಡುಶಿಶು ಹುಟ್ಟಿದ ಕೆಲವೇ ದಿನಗಳಲ್ಲಿ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಗಳನ್ನು ಎಚ್ಚರಿಸುತ್ತದೆ, ಟೆಸ್ಟೋಸ್ಟೆರಾನ್ ಏರುತ್ತದೆ, ಒಂದರಿಂದ ಮೂರು ತಿಂಗಳ ನಡುವೆ ಗರಿಷ್ಠ ಮಟ್ಟ ಮುಟ್ಟುತ್ತದೆ, ಆರು ತಿಂಗಳ ಹೊತ್ತಿಗೆ ಬಹುತೇಕ ಇಳಿದುಬಿಡುತ್ತದೆ. ಮತ್ತೆ ಏರುವುದು ಹದಿಹರೆಯದಲ್ಲೇ. ಎಕ್ಸ್‌ಎಕ್ಸ್‌ವೈ ಶಿಶುಗಳಲ್ಲಿ ಈ ಏರಿಕೆ ಕಡಿಮೆಯಿರುತ್ತದೆ ಎಂದು ಕೆಲವು ಅಧ್ಯಯನಗಳು ಹೇಳಿದರೆ, ಮಾಮೂಲಿನಂತೆಯೇ ಇರುತ್ತದೆ ಎಂದು ಬೇರೆ ಕೆಲವು ಹೇಳಿವೆ.

ಹಂತ 1: ವರದಿಯನ್ನು ಖಚಿತಪಡಿಸಿಕೊಳ್ಳಿ

ಗರ್ಭಿಣಿಯ ರಕ್ತದಿಂದ ಮಾಡುವ ಎನ್‌ಐಪಿಟಿ ಪರೀಕ್ಷೆಯನ್ನು ಹತ್ತನೆಯ ವಾರದ ನಂತರ ಮಾಡಲಾಗುತ್ತದೆ. ಅದು ಸಂಶಯವನ್ನು ಮುಂದಿಡುವ ಪರೀಕ್ಷೆಯೇ ಹೊರತು ರೋಗನಿರ್ಣಯದ ಪರೀಕ್ಷೆಯಲ್ಲ. ಡೌನ್ ಸಿಂಡ್ರೋಮ್ ವಿಷಯದಲ್ಲಿ ಅದರ ಮಾತು ನಿಜವಾಗುವಷ್ಟು ಲಿಂಗ ವರ್ಣತಂತುಗಳ ವಿಷಯದಲ್ಲಿ ನಿಜವಾಗುವುದಿಲ್ಲ. ಆದ್ದರಿಂದ ಗರ್ಭಾವಸ್ಥೆಯಲ್ಲಿ ಆಮ್ನಿಯೋಸೆಂಟೆಸಿಸ್ ಮೂಲಕ, ಅಂದರೆ ಗರ್ಭದ ನೀರನ್ನು ತೆಗೆದು, ಅಥವಾ ಹುಟ್ಟಿದ ಮೇಲೆ ಮಗುವಿನ ರಕ್ತದಿಂದ ಕ್ಯಾರಿಯೋಟೈಪ್ ಮಾಡಿಸಲೇಬೇಕು. ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಿ ಜೋಡಿಸುವ ಪರೀಕ್ಷೆಗೆ ಕ್ಯಾರಿಯೋಟೈಪ್ ಎಂದು ಹೆಸರು. ಭಾರತದಲ್ಲಿ ಪಿಸಿಪಿಎನ್‌ಡಿಟಿ ಕಾಯಿದೆಯಂತೆ ಭ್ರೂಣದ ಲಿಂಗವನ್ನು ತಿಳಿಸುವುದು ಅಪರಾಧ; ಹಾಗಾಗಿ ವಿದೇಶದ ನೆಂಟರಿಗೆ ಸಿಕ್ಕಂಥ ವರದಿಯೇ ನಿಮಗೂ ಇಲ್ಲಿ ಸಿಗಬೇಕೆಂದು ನಿರೀಕ್ಷಿಸಬೇಡಿ, ಅದಕ್ಕಾಗಿ ಪ್ರಯೋಗಾಲಯದವರನ್ನು ಒತ್ತಾಯಿಸಲೂಬೇಡಿ.

ರಕ್ತ ತೆಗೆಯುವಾಗ ನೀವೇ ಗಮನಿಸಬಹುದಾದ ಒಂದು ಸಂಗತಿಯಿದೆ. ಕ್ಯಾರಿಯೋಟೈಪ್‌ಗೆ ಜೀವಂತ ಕೋಶಗಳು ಬೇಕು, ಅದಕ್ಕೆ ಹೆಪಾರಿನ್ ಇರುವ ಹಸಿರು ಮುಚ್ಚಳದ ನಳಿಗೆಯಲ್ಲಿ ರಕ್ತ ಹಾಕುತ್ತಾರೆ. ಅಭ್ಯಾಸಬಲದಿಂದ ನೇರಳೆ ಮುಚ್ಚಳದ ಇಡಿಟಿಎ ನಳಿಗೆಗೆ ಹಾಕಿ ಕಳಿಸಿದರೆ ಮಾದರಿ ತಿರಸ್ಕೃತವಾಗಿ, ಪುಟ್ಟ ಮಗುವಿಗೆ ಎರಡನೆಯ ಸಲ ಸೂಜಿ ಚುಚ್ಚಬೇಕಾಗುತ್ತದೆ. ಬಣ್ಣ ನೋಡಿ ಕೇಳುವುದರಲ್ಲಿ ಸಂಕೋಚ ಬೇಡ.

ವರದಿ ಬಂದಾಗ ಅದರಲ್ಲಿ ‘ಮೊಸಾಯಿಕ್’ ಎಂಬ ಪದವಿದೆಯೇ ನೋಡಿ. ದೇಹದ ಕೆಲವು ಕೋಶಗಳು ಎಕ್ಸ್‌ಎಕ್ಸ್‌ವೈ, ಉಳಿದವು ಮಾಮೂಲು ಎಂಬುದು ಅದರ ಅರ್ಥ. ಪರಿಣಾಮ ಸಾಮಾನ್ಯವಾಗಿ ಸೌಮ್ಯವಾಗಿರುತ್ತದೆ. 48,ಎಕ್ಸ್‌ಎಕ್ಸ್‌ವೈವೈ, 49,ಎಕ್ಸ್‌ಎಕ್ಸ್‌ಎಕ್ಸ್‌ಎಕ್ಸ್‌ವೈ ಎಂದಿದ್ದರೆ ಅವು ಬೇರೆಯೇ ಸ್ಥಿತಿಗಳು, ಈ ಮಾರ್ಗದರ್ಶಿ ಅವುಗಳಿಗೆ ಪೂರ್ತಿ ಅನ್ವಯಿಸುವುದಿಲ್ಲ. ಒಂದೇ ಎಕ್ಸ್ ಇರುವ ಟರ್ನರ್ ಸಿಂಡ್ರೋಮಿನ ಹೆಣ್ಣುಮಕ್ಕಳ ಚಿಕಿತ್ಸೆಯಂತೂ ಸಂಪೂರ್ಣ ಬೇರೆ: ಅಲ್ಲಿ ಮಾತು ಬೆಳವಣಿಗೆಯ ಹಾರ್ಮೋನಿನದು, ಶೈಶವದಲ್ಲಿ ಲಿಂಗ ಹಾರ್ಮೋನಿನ ಅಗತ್ಯವಿರುವುದಿಲ್ಲ.

ಹಂತ 2: ಸರಿಯಾದವರಿಂದ ಅಳತೆ ಮಾಡಿಸಿ

ಇಡೀ ನಿರ್ಧಾರ ನಿಂತಿರುವುದು ಈ ಹಂತದ ಮೇಲೆ; ಆದರೂ ಅವಸರದಲ್ಲಿ ಮುಗಿಯುವುದೂ ಇದೇ. ನೀವು ನೋಡಬೇಕಾದವರು ಮಕ್ಕಳ ಹಾರ್ಮೋನ್ ತಜ್ಞರು, ಅಂದರೆ ಪೀಡಿಯಾಟ್ರಿಕ್ ಎಂಡೋಕ್ರೈನಾಲಜಿಸ್ಟ್. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಸರಕಾರಿ ನೆರವಿನ ಆಸ್ಪತ್ರೆಯಲ್ಲೂ ದೊಡ್ಡ ವೈದ್ಯಕೀಯ ಕಾಲೇಜುಗಳಲ್ಲೂ ಇಂಥ ತಜ್ಞರು ಸಿಗುತ್ತಾರೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ವರದಿಯನ್ನು ಬಿಡಿಸಿ ಹೇಳಬಲ್ಲ ಮೆಡಿಕಲ್ ಜೆನೆಟಿಕ್ಸ್ ವಿಭಾಗವಿದೆ.

ಅಳೆಯುವ ಕ್ರಮ ಹೀಗಿದೆ. ಮಗುವನ್ನು ಬೆಚ್ಚಗಿನ ಕೋಣೆಯಲ್ಲಿ ಅಂಗಾತ ಮಲಗಿಸಿ, ಗಟ್ಟಿಯಾದ ಅಳತೆಪಟ್ಟಿಯ ತುದಿಯನ್ನು ಶಿಶ್ನದ ಬುಡದ ಮೇಲ್ಭಾಗದಲ್ಲಿಟ್ಟು, ಅಲ್ಲಿನ ಕೊಬ್ಬನ್ನು ಒತ್ತಿ ಹಿಂದಿನ ಮೂಳೆಗೆ ತಾಗಿಸಿ, ಶಿಶ್ನವನ್ನು ನೋವಾಗದಂತೆ ಪೂರ್ತಿ ಎಳೆದು ಹಿಡಿದು, ಅದರ ತುದಿಯವರೆಗೆ, ಮುಂದೊಗಲನ್ನು ಸೇರಿಸದೆ ಅಳೆಯಬೇಕು. ಪೂರ್ಣಾವಧಿ ಹುಟ್ಟಿದ ಶಿಶುವಿನಲ್ಲಿ ಇದು ಸರಾಸರಿ 3.5 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ, 2.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಮೈಕ್ರೋಪೀನಿಸ್, ಅಂದರೆ ರಚನೆ ಸರಿಯಿದ್ದು ಉದ್ದ ಮಾತ್ರ ತೀರ ಕಡಿಮೆಯಿರುವ ಸ್ಥಿತಿ, ಎಂದು ಪರಿಗಣಿಸುತ್ತಾರೆ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಈ ಗಡಿ ಬೇರೆ.

ಇಲ್ಲಿ ಆಗುವ ಸಾಮಾನ್ಯ ತಪ್ಪು ಕೊಬ್ಬನ್ನು ಒತ್ತದೆ ಅಳೆಯುವುದು. ದುಂಡಗೆ ಬೆಳೆದ ಮಗುವಿನಲ್ಲಿ ಶಿಶ್ನ ಹೊಟ್ಟೆಯ ಕೆಳಗಿನ ಕೊಬ್ಬಿನಲ್ಲಿ ಹುದುಗಿಕೊಂಡು ಹೊರನೋಟಕ್ಕೆ ಚಿಕ್ಕದಾಗಿ ಕಾಣುತ್ತದೆ. ಒತ್ತಿ ಅಳೆದರೆ ಉದ್ದ ಸರಿಯಾಗಿಯೇ ಇರುತ್ತದೆ. ಅಂಥ ಮಗುವಿಗೆ ಯಾವ ಔಷಧವೂ ಬೇಕಿಲ್ಲ. ಸ್ನಾನ ಮಾಡಿಸುವ ಅಜ್ಜಿಯೋ ಪಕ್ಕದ ಮನೆಯವರೋ ‘ಚಿಕ್ಕದಾಯಿತು’ ಎಂದ ಮಾತು ಪರೀಕ್ಷೆಗೆ ಕಾರಣವಾಗಬಹುದು, ಚಿಕಿತ್ಸೆಗೆ ಕಾರಣವಾಗಬಾರದು. ಅಳತೆಯ ಸಂಖ್ಯೆಯನ್ನೂ ದಿನಾಂಕವನ್ನೂ ಮಗುವಿನ ಕಡತದಲ್ಲಿ ಬರೆಸಿಕೊಳ್ಳಿ. ಮುಂದೆ ಔಷಧ ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯಲು ಇರುವ ಆಧಾರ ಅದೊಂದೇ.

ಅದೇ ಭೇಟಿಯಲ್ಲಿ ವೃಷಣಗಳೆರಡೂ ಚೀಲದಲ್ಲಿವೆಯೇ, ಮೂತ್ರದ್ವಾರ ತುದಿಯಲ್ಲಿದೆಯೇ ಎಂಬುದನ್ನೂ ನೋಡಿಸಿ. ಆರು ತಿಂಗಳಾದರೂ ವೃಷಣ ಇಳಿಯದಿದ್ದರೆ ಮಕ್ಕಳ ಶಸ್ತ್ರಚಿಕಿತ್ಸಕರನ್ನು ಕಾಣಬೇಕು. ಆ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಮುಗಿಸುತ್ತಾರೆ.

ಹಂತ 3: ಇಂಜೆಕ್ಷನ್‌ಗೆ ಮುಂಚೆ ರಕ್ತಪರೀಕ್ಷೆ

ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಪಿಟ್ಯುಟರಿಯ ಹಾರ್ಮೋನುಗಳನ್ನೂ ಟೆಸ್ಟೋಸ್ಟೆರಾನನ್ನೂ ಅಳೆಯುವುದಿದ್ದರೆ ಒಂದರಿಂದ ಮೂರು ತಿಂಗಳ ನಡುವೆ ಅಳೆಯುವುದು ಅತ್ಯಂತ ಉಪಯುಕ್ತ. ಆಮೇಲೆ ಎಲ್ಲ ಶಿಶುಗಳಲ್ಲೂ ಮಟ್ಟ ತಾನಾಗಿಯೇ ಇಳಿಯುವುದರಿಂದ, ಎಂಟು ತಿಂಗಳ ಮಗುವಿನ ಟೆಸ್ಟೋಸ್ಟೆರಾನ್ ‘ಕಡಿಮೆ’ ಎಂದು ಬಂದ ವರದಿಗೆ ಬೆಲೆಯಿಲ್ಲ. ವರದಿಯಲ್ಲಿ ದಪ್ಪಕ್ಷರದಲ್ಲಿ ಮುದ್ರಿತವಾದ ‘ಕಡಿಮೆ’ ಬಹಳ ಸಲ ದೊಡ್ಡವರ ಮಟ್ಟಕ್ಕೆ ಹೋಲಿಸಿ ಬಂದಿರುತ್ತದೆ. ಒಮ್ಮೆ ಇಂಜೆಕ್ಷನ್ ಕೊಟ್ಟ ಮೇಲೆ ತೆಗೆದ ರಕ್ತ ಮಗುವಿನ ಸ್ವಂತ ಹಾರ್ಮೋನಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಮೊದಲು ರಕ್ತ, ಆಮೇಲೆ ಔಷಧ.

ಮೈಕ್ರೋಪೀನಿಸ್ ಜೊತೆಗೆ ಮಗುವಿಗೆ ಪದೇಪದೇ ಸಕ್ಕರೆ ಅಂಶ ಕುಸಿಯುತ್ತಿದ್ದರೆ, ಕಾಮಾಲೆ ಬೇಗ ಇಳಿಯದಿದ್ದರೆ, ಅದು ಪಿಟ್ಯುಟರಿಯ ಕೊರತೆಯ ಸೂಚನೆಯಾಗಿರಬಹುದು. ಅದು ತುರ್ತು ಸ್ಥಿತಿ. ಎಕ್ಸ್‌ಎಕ್ಸ್‌ವೈ ಎಂಬ ಹೆಸರು ಸಿಕ್ಕಿತೆಂದು ಉಳಿದ ಹುಡುಕಾಟ ನಿಲ್ಲಬಾರದು.

ಹಂತ 4: ಕೊಡಿಸಬೇಕೋ ಬೇಡವೋ

ಅಳತೆ ಮೈಕ್ರೋಪೀನಿಸ್ ಎಂದು ತೋರಿಸಿದರೆ ನಿರ್ಧಾರ ಸುಲಭ. ಶೈಶವದಲ್ಲಿ ಕಿರು ಅವಧಿಗೆ ಟೆಸ್ಟೋಸ್ಟೆರಾನ್ ಕೊಡುವುದು ಬಹುಕಾಲದಿಂದ ನಡೆದುಬಂದಿರುವ, ಎಲ್ಲೆಡೆ ಒಪ್ಪಿತವಾದ ಚಿಕಿತ್ಸೆ. ಎಕ್ಸ್‌ಎಕ್ಸ್‌ವೈ ಇಲ್ಲದ ಮೈಕ್ರೋಪೀನಿಸ್ ಶಿಶುಗಳಿಗೂ ಇದನ್ನೇ ಕೊಡುತ್ತಾರೆ.

ಅಳತೆ ಸರಿಯಿರುವ ಮಗುವಿನ ವಿಷಯ ಬೇರೆ. ಇಂಜೆಕ್ಷನ್ ಪಡೆದ ಎಕ್ಸ್‌ಎಕ್ಸ್‌ವೈ ಮಕ್ಕಳ ಮಾತು, ನಡೆ, ನಡವಳಿಕೆ ಉತ್ತಮವಾಗಿವೆ ಎಂದು ಅಮೆರಿಕದಿಂದ ಕೆಲವು ವರದಿಗಳು ಬಂದಿವೆ. ಗಡುವಿನ ಆತಂಕ ಹರಡಿದ್ದು ಹೆಚ್ಚಾಗಿ ಅವುಗಳಿಂದಲೇ. ಆ ಅಧ್ಯಯನಗಳಲ್ಲಿ ಯಾರಿಗೆ ಔಷಧ, ಯಾರಿಗೆ ಬೇಡ ಎಂಬುದನ್ನು ಚೀಟಿ ಎತ್ತಿದ ಹಾಗೆ ವಿಂಗಡಿಸಿರಲಿಲ್ಲ. ಓಡಾಡಿ ಇಂಜೆಕ್ಷನ್ ಕೊಡಿಸುವ ತಂದೆತಾಯಿ ಮಾತಿನ ತರಬೇತಿಯನ್ನೂ ಬೇಗ ಕೊಡಿಸುತ್ತಾರೆ. ಮಗು ಚುರುಕಾದದ್ದು ಯಾವುದರಿಂದ ಎಂದು ಬೇರ್ಪಡಿಸಿ ಹೇಳಲು ಆಗುವುದಿಲ್ಲ. ಕೊಲರಾಡೊದಲ್ಲಿ 20 ಶಿಶುಗಳನ್ನು ಹಾಗೆ ವಿಂಗಡಿಸಿಯೇ ನಡೆಸಿ 2019ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನವೊಂದರಲ್ಲಿ, ಮೂರು ಇಂಜೆಕ್ಷನ್ ಪಡೆದ ಶಿಶುಗಳಲ್ಲಿ ದೇಹದ ಕೊಬ್ಬಿನ ಏರಿಕೆ ಕಡಿಮೆಯಿತ್ತು. ಗಮನಿಸಬೇಕಾದ ಫಲಿತಾಂಶವೇ, ಆದರೆ 20 ಶಿಶುಗಳ ಕೆಲವು ತಿಂಗಳ ಲೆಕ್ಕದಿಂದ ಆ ಮಕ್ಕಳು ಶಾಲೆಯಲ್ಲಿ ಹೇಗೆ ಕಲಿತಾರು ಎಂದು ಹೇಳಲಾಗದು. ನನ್ನ ಅಭಿಪ್ರಾಯ ಹೀಗಿದೆ: ಅಳತೆ ಸರಿಯಿದ್ದಾಗ ಇಂಜೆಕ್ಷನ್ ಬೇಡವೆನ್ನುವ ವೈದ್ಯರು ನಿರ್ಲಕ್ಷ್ಯ ಮಾಡುತ್ತಿದ್ದಾರೆ ಎಂದು ತಿಳಿಯಬೇಡಿ, ಕೊಡೋಣ ಎನ್ನುವ ವೈದ್ಯರನ್ನು ‘ಯಾವ ಪ್ರಯೋಜನಕ್ಕಾಗಿ, ಅದನ್ನು ಹೇಗೆ ಅಳೆಯುತ್ತೀರಿ’ ಎಂದು ಕೇಳಿ. ಮುಂದೆ ಮಕ್ಕಳಾಗುವ ಸಾಧ್ಯತೆ ಹೆಚ್ಚುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ, ಅದಕ್ಕೆ ಪುರಾವೆಯಿಲ್ಲ.

ಹಂತ 5: ಇಂಜೆಕ್ಷನ್ ದಿನ

ರೂಢಿಯಲ್ಲಿರುವ ಕ್ರಮ ಟೆಸ್ಟೋಸ್ಟೆರಾನ್ ಎನಾಂಥೇಟ್ ಅಥವಾ ಸಿಪಿಯೋನೇಟ್ 25 ಮಿಲಿಗ್ರಾಂ, ಮೂರರಿಂದ ನಾಲ್ಕು ವಾರಕ್ಕೊಮ್ಮೆ, ಒಟ್ಟು ಮೂರು ಸಲ, ತೊಡೆಯ ಹೊರಬದಿಯ ಸ್ನಾಯುವಿಗೆ. ಇವೆರಡೂ ಎಣ್ಣೆಯಲ್ಲಿ ಕರಗಿಸಿದ, ನಿಧಾನವಾಗಿ ರಕ್ತಕ್ಕಿಳಿಯುವ ರೂಪಗಳು. ಶಿಶುವಿನ ಪೃಷ್ಠಕ್ಕೆ ಚುಚ್ಚುವುದು ಸಲ್ಲದು.

ಈಗ ಅತ್ಯಂತ ಎಚ್ಚರ ಬೇಕಾದ ಜಾಗ. ಈ ಔಷಧವನ್ನು ತಯಾರಿಸಿರುವುದು ದೊಡ್ಡವರಿಗಾಗಿ. ನಮ್ಮಲ್ಲಿ ಔಷಧದಂಗಡಿಯಲ್ಲಿ ಸಿಗುವ ಒಂದು ಮಿಲಿಲೀಟರಿನ ಗಾಜಿನ ಆಂಪ್ಯೂಲ್‌ನಲ್ಲಿ ಸಾಮಾನ್ಯವಾಗಿ 250 ಮಿಲಿಗ್ರಾಂ ಇರುತ್ತದೆ. ಶಿಶುವಿಗೆ ಬೇಕಾದದ್ದು ಅದರ ಹತ್ತರಲ್ಲೊಂದು ಪಾಲು, ಅಂದರೆ 0.1 ಮಿಲಿಲೀಟರ್. ಇಡೀ ಆಂಪ್ಯೂಲ್ ಎಳೆದು ಚುಚ್ಚಿದರೆ ಹತ್ತು ಪಟ್ಟು ಔಷಧ ಹೋಗುತ್ತದೆ. ಅಮೆರಿಕದಲ್ಲಿ ಸಿಗುವ ಸಿಪಿಯೋನೇಟ್ ಸೀಸೆಗಳು ಮಿಲಿಲೀಟರಿಗೆ 100 ಅಥವಾ 200 ಮಿಲಿಗ್ರಾಂ ಇರುವುದರಿಂದ ಅಲ್ಲಿನ ಪ್ರಮಾಣ 0.25 ಅಥವಾ 0.125 ಮಿಲಿಲೀಟರ್ ಆಗುತ್ತದೆ. ಅಲ್ಲಿ ಒಂದು, ಇಲ್ಲಿ ಎರಡು ಇಂಜೆಕ್ಷನ್ ಪಡೆಯುವ ಕುಟುಂಬಗಳು ‘ಎಷ್ಟು ಮಿಲಿಲೀಟರ್’ ಎಂದು ನೆನಪಿಟ್ಟುಕೊಂಡು ಹೇಳುವುದು ಅಪಾಯಕರ. ಯಾವಾಗಲೂ ಮಿಲಿಗ್ರಾಂ ಲೆಕ್ಕದಲ್ಲೇ ಹೇಳಿ, ಚೀಟಿಯಲ್ಲಿ ಎರಡನ್ನೂ ಬರೆಸಿಕೊಳ್ಳಿ.

ಸಿರಿಂಜು ಒಂದು ಮಿಲಿಲೀಟರಿನ, ನೂರು ಗೆರೆಗಳಿರುವ, ಸೂಜಿ ಬದಲಾಯಿಸಬಹುದಾದ ಟ್ಯುಬರ್ಕುಲಿನ್ ಸಿರಿಂಜ್ ಆಗಿರಬೇಕು. ಇನ್ಸುಲಿನ್ ಸಿರಿಂಜು ನೋಡಲು ಹಾಗೆಯೇ ಇದ್ದರೂ ಅದರ ಗೆರೆಗಳು ಯೂನಿಟ್‌ಗಳನ್ನು ತೋರಿಸುತ್ತವೆ. 40 ಯೂನಿಟ್‌ಗೆ ಒಂದು ಮಿಲಿಲೀಟರ್ ಆಗುವ ಸಿರಿಂಜಿನಲ್ಲಿ ‘10’ ಎಂಬ ಗೆರೆಯವರೆಗೆ ಎಳೆದರೆ ಬರುವುದು 0.25 ಮಿಲಿಲೀಟರ್, ಬೇಕಾದ್ದರ ಎರಡೂವರೆ ಪಟ್ಟು. ಅದರ ಸೂಜಿಯೂ ಗಿಡ್ಡ, ಸಪೂರ. ದಪ್ಪ ಎಣ್ಣೆ ಅದರಲ್ಲಿ ಸರಾಗವಾಗಿ ಇಳಿಯದು, ಸ್ನಾಯುವನ್ನೂ ಮುಟ್ಟದು. ನರ್ಸಮ್ಮನವರು ಔಷಧ ಎಳೆದ ಮೇಲೆ ಚುಚ್ಚುವ ಮೊದಲು ‘ಸಿಸ್ಟರ್, ಎಷ್ಟು ಎಳೆದಿದ್ದೀರಿ, ಒಮ್ಮೆ ತೋರಿಸಿ’ ಎಂದು ಕೇಳಿ. ಒಳ್ಳೆಯ ನರ್ಸ್ ಇದಕ್ಕೆ ಬೇಸರಿಸುವುದಿಲ್ಲ. ಆಂಪ್ಯೂಲ್‌ನಲ್ಲಿ ಉಳಿದ ಒಂಬತ್ತು ಪಾಲನ್ನು ಮುಂದಿನ ತಿಂಗಳಿಗೆಂದು ಫ್ರಿಜ್ಜಿನಲ್ಲಿಡುವ ಆಸೆ ಸಹಜವಾದರೂ ಹಾಗೆ ಮಾಡಬಾರದು. ಒಡೆದ ಆಂಪ್ಯೂಲ್ ಅಂದೇ ಎಸೆಯಬೇಕಾದದ್ದು.

ಔಷಧ ಯಾವ ಎಣ್ಣೆಯಲ್ಲಿದೆ ಎಂಬುದನ್ನೂ ಓದಿ. ಎಳ್ಳೆಣ್ಣೆ, ಹತ್ತಿಬೀಜದ ಎಣ್ಣೆ, ಕಡಲೆಕಾಯಿ ಎಣ್ಣೆಗಳಲ್ಲಿ ತಯಾರಿಸಿದವು ಬೇರೆ ಬೇರೆ ಇವೆ. ಆ ಪದಾರ್ಥದ ಅಲರ್ಜಿಯ ಸಂಶಯವಿದ್ದರೆ ಮೊದಲೇ ತಿಳಿಸಿ. ಕೆಲವದರಲ್ಲಿ ಬೆಂಜೈಲ್ ಆಲ್ಕೊಹಾಲ್ ಎಂಬ ಸಂರಕ್ಷಕವಿರುತ್ತದೆ, ಅವಧಿಗೆ ಮುನ್ನ ಹುಟ್ಟಿದ ಅಥವಾ ತಿಂಗಳು ತುಂಬದ ಶಿಶುವಿಗೆ ಅದು ಸೂಕ್ತವಲ್ಲ. ರಕ್ತ ಹೆಪ್ಪುಗಟ್ಟದ ತೊಂದರೆ ಮನೆತನದಲ್ಲಿದ್ದರೆ ಅದನ್ನೂ ಹೇಳಿ. ಲಸಿಕೆಗಳನ್ನು ಇದಕ್ಕಾಗಿ ಮುಂದೂಡಬೇಕಿಲ್ಲ. ಒಂದೇ ದಿನ ಬಂದರೆ ಇನ್ನೊಂದು ತೊಡೆಗೆ ಕೊಡಿಸಿ.

ಹಂತ 6: ಆಮೇಲೆ ಗಮನಿಸಬೇಕಾದದ್ದು

ಚುಚ್ಚಿದ ಜಾಗ ಒಂದೆರಡು ದಿನ ಗಡುಸಾಗಿ ನೋಯಬಹುದು. ಶಿಶ್ನ ಆಗಾಗ ನಿಮಿರುವುದು, ವೃಷಣಚೀಲದ ಬಣ್ಣ ಗಾಢವಾಗುವುದು, ಮುಖದಲ್ಲಿ ಸಣ್ಣ ಗುಳ್ಳೆಗಳು, ಶಿಶ್ನದ ಬುಡದಲ್ಲಿ ನಾಲ್ಕಾರು ಕೂದಲು ಕಾಣಿಸುವುದು, ಇವೆಲ್ಲ ಔಷಧದ ನಿರೀಕ್ಷಿತ ಪರಿಣಾಮಗಳೇ. ಕೋರ್ಸ್ ಮುಗಿದ ಕೆಲವು ತಿಂಗಳಲ್ಲಿ ಇಳಿಯುತ್ತವೆ. ಮೂಳೆ ವಯಸ್ಸಿಗಿಂತ ಬೇಗ ಬಲಿಯುತ್ತದೆ ಎಂಬ ಭಯ ದೀರ್ಘಕಾಲದ ಅಥವಾ ಅತಿಯಾದ ಪ್ರಮಾಣಕ್ಕೆ ಸಂಬಂಧಿಸಿದ್ದು. ವೈದ್ಯರು ಇಂಜೆಕ್ಷನ್‌ಗಳ ಸಂಖ್ಯೆಯನ್ನು ಬಿಗಿಯಾಗಿ ಮಿತಿಗೊಳಿಸುವುದು ಅದಕ್ಕಾಗಿಯೇ. ಜ್ವರ, ಚುಚ್ಚಿದ ಜಾಗದಲ್ಲಿ ಕೆಂಪು ಬಾವು ಹರಡುವುದು, ಮೈಮೇಲೆ ದದ್ದು, ಉಸಿರಾಟದ ತೊಂದರೆ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

ಮೂರನೆಯ ಇಂಜೆಕ್ಷನ್ ಆಗಿ ಸುಮಾರು ನಾಲ್ಕು ವಾರಕ್ಕೆ, ಸಾಧ್ಯವಾದರೆ ಮೊದಲು ಅಳೆದವರಿಂದಲೇ, ಮತ್ತೆ ಅಳೆಸಿ. ಒಂದು ಸೆಂ.ಮೀ. ಆಸುಪಾಸು ಬೆಳೆದಿದ್ದರೆ ಔಷಧ ಫಲಿಸಿದೆ. ಸಾಲದಿದ್ದರೆ ಇನ್ನೊಂದು ಕೋರ್ಸ್ ಕೊಡುವ ರೂಢಿಯಿದೆ. ‘ಚೆನ್ನಾಗಿ ಕೆಲಸ ಮಾಡಿತು, ಇನ್ನೂ ನಾಲ್ಕು ಕೊಡಿ’ ಎಂದು ನೀವಾಗಿ ಕೇಳುವುದು ಬೇಡ. ಚರ್ಮಕ್ಕೆ ಹಚ್ಚುವ ಟೆಸ್ಟೋಸ್ಟೆರಾನ್ ಜೆಲ್ಲನ್ನು ಮನೆಯಲ್ಲಿ ತಂದೆಯೋ ಮತ್ತೊಬ್ಬರೋ ಬಳಸುತ್ತಿದ್ದರೆ, ಹಚ್ಚಿಕೊಂಡ ಜಾಗ ಮಗುವಿನ ಮೈಗೆ ತಾಗದಂತೆ ಬಟ್ಟೆಯಿಂದ ಮುಚ್ಚಿ, ಕೈ ತೊಳೆದು ಮಗುವನ್ನು ಎತ್ತಿಕೊಳ್ಳಬೇಕು. ಲೆಕ್ಕಕ್ಕೆ ಸಿಗದ ಹಾರ್ಮೋನು ಮಗುವಿಗೆ ಸೇರುವುದು ಹೀಗೆ. ಅಮೆರಿಕದಲ್ಲಿ ಟೆಸ್ಟೋಸ್ಟೆರಾನ್ ನಿಯಂತ್ರಿತ ಔಷಧಗಳ ಪಟ್ಟಿಯಲ್ಲಿದೆ. ಊರಿಂದ ಕೊಂಡೊಯ್ಯುವ ಬದಲು ಅಲ್ಲಿನ ವೈದ್ಯರಿಂದಲೇ ಬರೆಸಿಕೊಳ್ಳಿ.

ಹಂತ 7: ಇಂಜೆಕ್ಷನ್ ಇರಲಿ, ಇಲ್ಲದಿರಲಿ, ಮಾತಿನ ಕಡೆ ಗಮನ

ಎಕ್ಸ್‌ಎಕ್ಸ್‌ವೈ ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ತೊಂದರೆ ಮಾತು ತಡವಾಗುವುದು. ಅರ್ಥವಾಗುತ್ತದೆ, ಹೇಳಲು ಪದ ಹೊಳೆಯುವುದಿಲ್ಲ. ಸ್ನಾಯುಗಳು ಕೊಂಚ ಸಡಿಲವಿರುವುದರಿಂದ ಕುತ್ತಿಗೆ ನಿಲ್ಲುವುದು, ಕೂರುವುದು, ನಡೆಯುವುದು ಕೂಡ ತುಸು ತಡವಾಗಬಹುದು. ‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಎಂದು ಮನೆಯವರು ಸಮಾಧಾನ ಹೇಳುತ್ತ ಹೋದರೆ, ತರಬೇತಿ ಹೆಚ್ಚು ಫಲಕೊಡುವ ವರ್ಷಗಳು ಕಳೆದುಹೋಗುತ್ತವೆ. ಒಂದು ವರ್ಷಕ್ಕೆ ಒಂದೂ ಪದವಿಲ್ಲದಿದ್ದರೆ, ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂತೆ ಎರಡು ಪದ ಜೋಡಿಸದಿದ್ದರೆ ಕಾಯಬೇಡಿ. ವರದಿ ಕೈಯಲ್ಲಿರುವ ನೀವು ಅದಕ್ಕೂ ಮುಂಚೆ, ಒಂಬತ್ತು ಹತ್ತು ತಿಂಗಳಿಗೇ ಒಮ್ಮೆ ತೋರಿಸಿಕೊಂಡರೆ ಇನ್ನೂ ಒಳ್ಳೆಯದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕನ್ನಡದಲ್ಲೇ ಪರೀಕ್ಷೆಯೂ ತರಬೇತಿಯೂ ದೊರೆಯುತ್ತವೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ತೆರೆದಿರುವ ಡಿಇಐಸಿ ಕೇಂದ್ರಗಳನ್ನೂ ವಿಚಾರಿಸಿ. ಬೆಳವಣಿಗೆ ತಡವಾದ ಮಕ್ಕಳ ತಪಾಸಣೆ ಅಲ್ಲಿ ಉಚಿತ. ವಿದೇಶದಲ್ಲಿರುವವರಿಗೆ ಮನೆಯಲ್ಲಿ ಕನ್ನಡ ನಿಲ್ಲಿಸಿ ಇಂಗ್ಲಿಷ್ ಮಾತ್ರ ಆಡಬೇಕೇ ಎಂಬ ಪ್ರಶ್ನೆಯಿರುತ್ತದೆ. ನಿಲ್ಲಿಸಬೇಕಿಲ್ಲ, ಎರಡು ಭಾಷೆ ಕೇಳಿಸಿಕೊಳ್ಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ.

ಹಂತ 8: ಮುಂದಿನ ವರ್ಷಗಳ ಕಡತ

ಕ್ಯಾರಿಯೋಟೈಪ್ ವರದಿ, ಅಳತೆಗಳು, ಇಂಜೆಕ್ಷನ್‌ನ ಹೆಸರು, ಮಿಲಿಗ್ರಾಂ, ದಿನಾಂಕ ಇವೆಲ್ಲ ಒಂದೇ ಕಡತದಲ್ಲಿರಲಿ, ಫೋಟೊ ತೆಗೆದು ಬೇರೆಡೆಯೂ ಇಡಿ. ಅಂಗನವಾಡಿಯಲ್ಲೋ ಶಾಲೆಯಲ್ಲೋ ಎಲ್ಲರ ಕೈಗೆ ಸಿಗುವ ಕಾರ್ಡಿನ ಮೇಲೆ ರೋಗದ ಹೆಸರು ಬರೆಯಬೇಕಾದ ಅಗತ್ಯವಿಲ್ಲ. ಮಾತಿನ ಅಥವಾ ಓದಿನ ಸಹಾಯ ಬೇಕಿದ್ದರೆ ಆ ತೊಂದರೆಯನ್ನಷ್ಟೇ ಶಿಕ್ಷಕರಿಗೆ ತಿಳಿಸಿದರೆ ಸಾಕು.

ಶೈಶವದ ಕೋರ್ಸ್ ಮುಗಿದ ಮೇಲೆ ಹದಿಹರೆಯದವರೆಗೆ ಟೆಸ್ಟೋಸ್ಟೆರಾನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಹತ್ತು ವರ್ಷದ ಆಸುಪಾಸಿನಲ್ಲಿ ಮತ್ತೆ ಹಾರ್ಮೋನ್ ತಜ್ಞರನ್ನು ಕಂಡು, ಪ್ಯುಬರ್ಟಿ ಹೇಗೆ ಸಾಗುತ್ತಿದೆ ಎಂದು ನೋಡಿಸಬೇಕು. ಆಗ ಚಿಕಿತ್ಸೆ ಬೇಕೋ ಬೇಡವೋ ಎಂಬುದು ಅಂದಿನ ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಸಂತಾನದ ಬಗ್ಗೆ ಹೇಳುವುದಾದರೆ, ದೊಡ್ಡವರಾದ ಮೇಲೆ ವೃಷಣದಿಂದಲೇ ಸೂಕ್ಷ್ಮ ಶಸ್ತ್ರಚಿಕಿತ್ಸೆಯ ಮೂಲಕ ವೀರ್ಯಾಣು ಹುಡುಕಿ ತೆಗೆಯುವ ಮೈಕ್ರೋ ಟೀಸೆ ಎಂಬ ವಿಧಾನವಿದೆ, ಪರಿಣತರ ಕೈಯಲ್ಲಿ ಸುಮಾರು ಶೇ. 40ರಿಂದ 50ರಷ್ಟು ಎಕ್ಸ್‌ಎಕ್ಸ್‌ವೈ ಗಂಡಸರಲ್ಲಿ ವೀರ್ಯಾಣು ಸಿಕ್ಕಿದೆ. ಹದಿಹರೆಯದಲ್ಲಿ ಟೆಸ್ಟೋಸ್ಟೆರಾನ್ ಶುರುಮಾಡುವ ಮುನ್ನ ಈ ವಿಷಯವನ್ನು ವೈದ್ಯರೊಂದಿಗೆ, ಆ ಹೊತ್ತಿಗೆ ಮಾತು ತಿಳಿಯುವ ಮಗನೊಂದಿಗೂ ಚರ್ಚಿಸಿಕೊಳ್ಳಿ.